ಎರೆಭೂಮಿಯ ಆರೋಗ್ಯ: ಪಾಲಕರೊಡನೆ ಒಂದು ಮಾತು

(ಶಾಲೆಯ ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಲಿಖಿತ ರೂಪ)



ಇಂಥ ಸಮಾರಂಭದಲ್ಲಿ ಮುಖ್ಯಾಧ್ಯಾಪಕಿಯಾದವಳು ಶಾಲೆಯ ಇತಿಹಾಸವನ್ನೋ ಪರೀಕ್ಷೆಯ ಫಲಿತಾಂಶವನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಹಿರಿಯರು ಮಾಡಲಿದ್ದಾರೆ. ನಾನು ಮಣ್ಣನ್ನು ಕುರಿತು ಎರಡು ಮಾತು ಹೇಳಬೇಕೆಂದಿದ್ದೇನೆ. ನಾನು ಓದಿದ್ದು ಕನ್ನಡ ಎಂ.ಎ.; ಕೃಷಿ ಪದವೀಧರೆಯಲ್ಲ. ಹಾಗಿದ್ದೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ ನನ್ನ ಮೇಜಿನ ಮೇಲೆಯೇ ಇದೆ. ವರ್ಷವರ್ಷವೂ ಜೂನ್ ತಿಂಗಳಲ್ಲಿ ನಾನು ಶಾಲೆ ಬಿಟ್ಟ ದಾಖಲೆಗಳಿಗೆ ಸಹಿ ಮಾಡುತ್ತೇನೆ. ಏಕೆ ಬಿಡಿಸುತ್ತೀರಿ ಎಂದು ಕೇಳಿದರೆ ಮೊದಲೆಲ್ಲ ಇಂಗ್ಲಿಷ್ ಶಾಲೆಯ ಹೆಸರು ಹೇಳುತ್ತಿದ್ದರು. ಈಗ ಕೆಲವರು ಹೇಳುವ ಮಾತು ಬೇರೆ: "ಬಾಯೀ, ಹೊಲಾ ಮೊದಲಿನ್ಹಂಗ ಬೆಳೀಯಂಗಿಲ್ಲ. ಪುಣೆಕ್ಕ ಹೋಗ್ತೀವಿ." ಈ ಗಡಿಭಾಗದಲ್ಲಿ ಕನ್ನಡ ಶಾಲೆ ಉಳಿಯಬೇಕಾದರೆ ಊರಿನಲ್ಲಿ ಮಕ್ಕಳಿರಬೇಕು, ಮಕ್ಕಳಿರಬೇಕಾದರೆ ಹೊಲ ಬೆಳೆಯಬೇಕು. ನಾವು ಭಾಷೆಯ ಅಭಿಮಾನವನ್ನು ಕುರಿತು ಎಷ್ಟೋ ಭಾಷಣಗಳನ್ನು ಕೇಳಿದ್ದೇವೆ. ಅಭಿಮಾನದ ಬುಡದಲ್ಲಿರುವ ಮಣ್ಣನ್ನು ಕುರಿತು ಕೇಳಿದ್ದು ಕಡಿಮೆ.

ಹೋದ ವರ್ಷ ಏಳನೆಯ ಇಯತ್ತೆಯ ಮಕ್ಕಳಿಗೆ ವಿಜ್ಞಾನದ ಶಿಕ್ಷಕರು ಒಂದು ಸಣ್ಣ ಪ್ರಯೋಗ ಮಾಡಿಸಿದರು. ಮಕ್ಕಳು ತಮ್ಮ ತಮ್ಮ ಹೊಲದಿಂದ ಎರಡೆರಡು ಒಣಗಿದ ಹೆಂಟೆಗಳನ್ನು ತಂದಿದ್ದರು: ಒಂದು ಬೆಳೆ ತೆಗೆಯುವ ನೆಲದ್ದು, ಇನ್ನೊಂದು ನೇಗಿಲು ತಾಗದ ಬದುವಿನದು. ಗಾಜಿನ ಲೋಟಗಳಲ್ಲಿ ನೀರು ತುಂಬಿ ಹೆಂಟೆಗಳನ್ನು ಮೆಲ್ಲಗೆ ಇಳಿಬಿಟ್ಟರು. ಬದುವಿನ ಹೆಂಟೆಗಳಲ್ಲಿ ಬಹುಪಾಲು ಊಟದ ಬಿಡುವಿನವರೆಗೂ ಇಟ್ಟಂತೆಯೇ ಇದ್ದವು. ಹೊಲದ ಹೆಂಟೆಗಳು ನಾಲ್ಕೈದು ನಿಮಿಷಗಳಲ್ಲಿ ಪುಡಿಯಾಗಿ ತಳಕ್ಕೆ ಕುಸಿದವು. ಎರಡು ಲೋಟಗಳಲ್ಲಂತೂ ನೀರು ಚಹದಂತೆ ಕದಡಿ ಸಂಜೆಯಾದರೂ ತಿಳಿಯಾಗಲಿಲ್ಲ. ಆ ಎರಡೂ ಬಹುಕಾಲ ಕೊಳವೆಬಾವಿಯ ನೀರು ಉಂಡ ಕಬ್ಬಿನ ಹೊಲದವು. ಅವುಗಳಲ್ಲಿ ಒಂದು ನನ್ನ ತವರುಮನೆಯ ಹೊಲದ್ದು. ನನ್ನ ತಮ್ಮನ ಮಗಳು ತಂದದ್ದು.

ಇದರ ಅರ್ಥವೇನು? ಮಣ್ಣಿನ ಕಣಗಳನ್ನು ಹಿಡಿದಿಡುವುದು ಒಂದು ಬಗೆಯ ಅಂಟು. ಬೇರುಗಳು, ಸೂಕ್ಷ್ಮಜೀವಿಗಳು, ನೂಲಿನಂತೆ ಹರಡುವ ಶಿಲೀಂಧ್ರಗಳು ಆ ಅಂಟನ್ನು ತಯಾರಿಸುತ್ತವೆ. ಅವುಗಳಿಗೆ ಆಹಾರ ಸಿಗದೆ ಹೋದರೆ ಅಂಟು ತೀರುತ್ತದೆ, ಹೆಂಟೆ ಒಡೆಯುತ್ತದೆ, ಮಳೆ ಬಿದ್ದಾಗ ಮೇಲ್ಮಣ್ಣು ರಾಡಿಯಾಗಿ ಹರಿದು ಹೋಗುತ್ತದೆ. ನೀರು ತಿಳಿಯಾಗದೆ ಕದಡಿಯೇ ಉಳಿದರೆ ಅದು ಇನ್ನೊಂದು ರೋಗದ ಗುರುತು; ಮಣ್ಣಿನಲ್ಲಿ ಸೋಡಿಯಂ ಸೇರಿಕೊಂಡಿದೆ ಎಂದರ್ಥ. ನಮ್ಮವರು ಸವಳು ಎನ್ನುವುದು ಇದನ್ನೇ ಸೇರಿಸಿ.

ನಮ್ಮ ಎರೆಭೂಮಿಯ ಸ್ವಭಾವವನ್ನು ತಿಳಿಯದೆ ಅದಕ್ಕೆ ಔಷಧ ಹೇಳಲಾಗದು. ಮಕ್ಕಳು ಒಣಮಣ್ಣಿನ ಮೇಲೆ ಲಿಂಬೆರಸ ಹಿಂಡಿದಾಗ ಸಣ್ಣಗೆ ನೊರೆ ಬಂತು. ಇಲ್ಲಿಯ ಮಣ್ಣಿನಲ್ಲಿ ಸುಣ್ಣದ ಹರಳು ಬೆರೆತಿದೆ. ಅದು ಕ್ಷಾರದ ಕಡೆಗೆ ವಾಲಿದ ಮಣ್ಣು. ನೀವು ಚೀಲಗಟ್ಟಲೆ ಸುರಿಯುವ ಸೂಪರ್ ಫಾಸ್ಫೇಟಿನಲ್ಲಿರುವ ರಂಜಕದ ಬಹುಭಾಗ ಆ ಸುಣ್ಣದೊಡನೆ ಸೇರಿ ಬೇರಿಗೆ ಎಟುಕದಂತೆ ಗಟ್ಟಿಯಾಗಿ ಕೂಡುತ್ತದೆ. ಮೇಲೆ ಎರಚಿದ ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದ್ದರೂ ಕ್ಷಾರಮಣ್ಣಿನ ಮೇಲೆ ಅದರ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸತು, ಕಬ್ಬಿಣಗಳೂ ಇಲ್ಲಿ ಇದ್ದೂ ಇಲ್ಲದಂತೆ. ಗೊಬ್ಬರದ ಅಂಗಡಿಯ ಉದ್ದರಿ ಏಕೆ ತೀರುವುದಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ರಂಜಕ ಕರಗಿಸುವ ಜೀವಾಣುಗಳು ಮಾಡುವ ಕೆಲಸ ಸರಳವಾದುದು: ಅವು ಸಾವಯವ ಆಮ್ಲಗಳನ್ನು ಸ್ರವಿಸಿ, ಗಟ್ಟಿಯಾಗಿ ಕೂತಿದ್ದನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಡುತ್ತವೆ. ಮಕ್ಕಳ ಲಿಂಬೆರಸದ ಕೆಲಸವನ್ನೇ ಅವು ನೆಲದೊಳಗೆ ಮಾಡುತ್ತವೆ.

ನಮ್ಮ ಪ್ರದೇಶಕ್ಕೆ ಈ ಚಿಂತನೆ ಹೊಸದಲ್ಲ. 1933ರ ಸುಮಾರಿಗೆ ಸರಕಾರ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಕೇಂದ್ರಗಳನ್ನು ಆರಿಸಿತು: ಸೊಲ್ಲಾಪುರ, ವಿಜಯಪುರ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿ ಮತ್ತು ಉತ್ತರದ ರೋಹ್ಟಕ್. ಐದರಲ್ಲಿ ನಾಲ್ಕು ಕನ್ನಡ ಕಿವಿಗೆ ಪರಿಚಿತವಾದ ನೆಲಗಳು! ಆಗ ಅಕ್ಕಲಕೋಟೆ ಇನ್ನೂ ಸಂಸ್ಥಾನವಾಗಿತ್ತು; ನಮ್ಮ ಶಾಲೆಗೆ ಆಗಲೇ ಮಕ್ಕಳು ಬರುತ್ತಿದ್ದರು. ಬದು ಹಾಕಿ ನೀರು ಹಿಡಿ, ಅಂತರ ಬಿಟ್ಟು ಬಿತ್ತು, ಮತ್ತೆ ಮತ್ತೆ ಎಡೆಕುಂಟೆ ಹೊಡೆ, ತಿಪ್ಪೆಗೊಬ್ಬರ ತಪ್ಪಿಸಬೇಡ ಎಂದು ಆ ಕೇಂದ್ರಗಳು ಹೇಳಿದವು. ಮೊಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ ಜೋಳ, ಅಂದರೆ ಎಂ 35-1, ಇಂದಿಗೂ ಹಿಂಗಾರಿನಲ್ಲಿ ನಮ್ಮ ಹೊಲಗಳಲ್ಲಿದೆ. ನೆರೆಯ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತು ದೊರೆತಿದೆ. ಬಸವಣ್ಣನವರು ಕರಣಿಕರಾಗಿದ್ದ ಮಂಗಳವಾಡವೇ ಅದು ಎಂಬುದನ್ನು ಮಕ್ಕಳಿಗೆ ನೆನಪಿಸುವುದು ನನ್ನ ವೃತ್ತಿಯ ಚಾಳಿ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದನ್ನು ನಾವು ಭಕ್ತಿಯ ಕತೆಯಾಗಿ ಮಾತ್ರ ಹೇಳುತ್ತೇವೆ. ಏಳು ನೂರು ಮಿಲಿಮೀಟರಿಗಿಂತ ಹೆಚ್ಚು ಮಳೆಯನ್ನು ನೆಚ್ಚಲಾಗದ ಸೀಮೆಯಲ್ಲಿ ಅದು ಲೆಕ್ಕಾಚಾರದ ಕೆಲಸವೂ ಹೌದು.

ಅನಂತರ ಭೀಮೆಗೆ ಉಜನಿ ಅಣೆಕಟ್ಟು ಬಂತು, ಕೊಳವೆಬಾವಿ ಬಂತು, ಜಿಲ್ಲೆಯಲ್ಲಿ ಮೂವತ್ತಕ್ಕೂ ಹೆಚ್ಚು ಸಕ್ಕರೆ ಕಾರಖಾನೆಗಳಾದವು. ಕಬ್ಬು ಬೆಳೆದವರನ್ನು ನಾನು ದೂಷಿಸುವುದಿಲ್ಲ. ನನ್ನ ಬಿ.ಎಡ್. ಶುಲ್ಕ ಕಬ್ಬಿನ ಬಿಲ್ಲಿನಿಂದಲೇ ಬಂದದ್ದು. ಆದರೆ ಕಬ್ಬು ಕಡಿದ ಮರುವಾರ ರವದಿಗೆ ಬೆಂಕಿ ಹಚ್ಚುವುದನ್ನು ನೋಡಿದಾಗ ಸಂಕಟವಾಗುತ್ತದೆ. ಎಳ್ಳಮಾವಾಸ್ಯೆಯ ದಿನ ನಾವೆಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತೇವೆ. ಅವಳಿಗೆ ಉಣಿಸದೆ ನಾವು ಉಣ್ಣುವುದಿಲ್ಲ. ಅದೇ ಹಂಗಾಮಿನಲ್ಲಿ ಎಕರೆಗೆ ಮೂರು-ನಾಲ್ಕು ಟನ್ನಿನಷ್ಟು ಅವಳ ಊಟವನ್ನು ಸುಟ್ಟು ಬೂದಿ ಮಾಡುತ್ತೇವೆ.

ಈ ಮಾತನ್ನು ತಮ್ಮನಿಗೆ ಹೇಳಿದಾಗ ಅವನು ಸಿಟ್ಟಾದ. "ಅಕ್ಕಾ, ನೀ ತಿಂಗಳಾ ಪಗಾರ ತಗೋತಿ. ರವದಿ ಬಿಟ್ರ ಕುಳೆ ಹಳದಿ ಬೀಳ್ತದ, ಇಲಿ ಆಗ್ತಾವ, ನೀರು ಹರಿಯಂಗಿಲ್ಲ. ಆವಾಗ ನೀ ಬರ್ತೀಯೇನು?" ಎಂದ. ಅವನ ಮಾತಿನಲ್ಲಿ ಸತ್ಯವಿತ್ತು. ರವದಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಬಹಳ ಕಡಿಮೆ. ಅದನ್ನು ಕೊಳೆಸುವ ಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಸಿದುಕೊಳ್ಳುತ್ತವೆ. ಆಗ ಕುಳೆ ಹಳದಿಯಾಗುತ್ತದೆ. ನಾನು ಸುಮ್ಮನೆ ಉಪದೇಶ ಮಾಡಿದ್ದೆ; ಅವನ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ.

ಉತ್ತರ ಕೃಷಿ ತಜ್ಞರಲ್ಲಿತ್ತು. ರವದಿಯನ್ನು ತುಂಡು ಮಾಡಿ ಸಾಲಿನಲ್ಲಿ ಹರಡಬೇಕು. ಒಂದು ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣುಗಳ ಪುಡಿ ಹಾಕಿ ನೀರು ಕೊಡಬೇಕು. ಆಗ ಜೀವಿಗಳಿಗೆ ಬೇಕಾದ ಸಾರಜನಕ ಹೊರಗಿನಿಂದ ಸಿಗುತ್ತದೆ, ಕುಳೆಯ ಪಾಲು ಕುಳೆಗೆ ಉಳಿಯುತ್ತದೆ. ಯೂರಿಯಾ ಮುಟ್ಟಿದರೆ ಅದು ಜೈವಿಕವೇ ಅಲ್ಲ ಎನ್ನುವ ಕಟ್ಟುನಿಟ್ಟಿನವರಿದ್ದಾರೆ. ಅವರ ನಿಷ್ಠೆಗೆ ನಮಸ್ಕಾರ. ಆದರೆ ಸುಡುವುದನ್ನು ನಿಲ್ಲಿಸಲು 8 ಕಿಲೋ ಯೂರಿಯಾ ಬೇಕಾದರೆ ಅದನ್ನು ಸಂತೋಷದಿಂದ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಜೀವಾಮೃತದ ವಿಷಯವನ್ನು ಹಲವರು ಕೇಳಿದ್ದೀರಿ. ಸುಭಾಷ್ ಪಾಳೇಕರರ ವಿಧಾನ ನಿಮಗೆ ಗೊತ್ತೇ ಇದೆ: 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಅದನ್ನು ಗೊಬ್ಬರವೆಂದು ಎಣಿಸಬೇಡಿರಿ. 10 ಕಿಲೋ ಸಗಣಿಯಲ್ಲಿ ಒಂದು ಎಕರೆಗೆ ಸಾಲುವ ಪೋಷಕಾಂಶವಿಲ್ಲ. ಅದು ಹೆಪ್ಪು ಇದ್ದಂತೆ. ಹೆಪ್ಪು ಹಾಕಲು ಹಾಲಿರಬೇಕು. ಬರಿಯ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗದು. ಹೊಲದಲ್ಲಿ ರವದಿ, ಹಸಿರೆಲೆ, ತಿಪ್ಪೆಗೊಬ್ಬರ ಇಲ್ಲದೆ ಡ್ರಮ್ಮುಗಟ್ಟಲೆ ಹಾಕಿ, ಆಮೇಲೆ ಜೈವಿಕ ಕೃಷಿಯನ್ನೇ ಬೈದವರನ್ನು ನಾನು ಕಂಡಿದ್ದೇನೆ. ಹಾಗೆಯೇ ಸವಳಾದ ನೆಲಕ್ಕೆ ಜೀವಾಣುಗಳಷ್ಟೇ ಸಾಲವು. ನೀರು ಬಸಿದು ಹೋಗಲು ಕಾಲುವೆ ಬೇಕು, ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಂ ಬೇಕು. ಅನಂತರ ಸೆಣಬು ಬಿತ್ತಿ ಹೂವಿನ ವೇಳೆಗೆ ಮಣ್ಣಿಗೆ ಮುಗುಚಬೇಕು.

ತೊಗರಿ ಹಾಕುವವರಿಗೆ ಒಂದು ಮಾತು. ನಮ್ಮ ಕಡೆ ನೆಟೆ ರೋಗದಿಂದ ಸಾಲುಸಾಲೇ ಒಣಗುತ್ತದೆ. ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವರ್ಷವರ್ಷವೂ ಅದೇ ಹೊಲಕ್ಕೆ ತೊಗರಿ ಹಾಕಬಾರದು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಬೇಕು. ಸಾರಜನಕಕ್ಕಾಗಿ ರೈಝೋಬಿಯಂ ಪುಡಿಯ 250 ಗ್ರಾಂ ಪೊಟ್ಟಣವನ್ನು ಬೆಲ್ಲದ ನೀರಿನಲ್ಲಿ ಕಲಸಿ 10 ಕಿಲೋ ಬೀಜಕ್ಕೆ ಸವರಿ ನೆರಳಿನಲ್ಲಿ ಒಣಗಿಸಬೇಕು. ನೆರಳು ಎಂಬ ಮಾತನ್ನು ಮರೆಯಬಾರದು. ಪೊಟ್ಟಣದಲ್ಲಿರುವುದು ಪುಡಿಯಲ್ಲ, ಪ್ರಾಣ. ತಗಡಿನ ಅಂಗಡಿಯ ಬಿಸಿಲಿನಲ್ಲಿ ಮೇ ತಿಂಗಳು ಕಳೆದ, ಅವಧಿ ಮುಗಿದ ಪೊಟ್ಟಣವನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿರಿ. ಅದು ಕೆಲಸ ಮಾಡಿತೋ ಇಲ್ಲವೋ ಎಂದು ನಿಮ್ಮ ಮಕ್ಕಳನ್ನೇ ಕೇಳಿರಿ. ಬಿತ್ತಿದ ನಾಲ್ಕೈದು ವಾರಕ್ಕೆ ಒಂದು ಸಸಿಯನ್ನು ಅಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಲು ಅವರು ಕಲಿತಿದ್ದಾರೆ. ಒಳಗೆ ನಸುಗೆಂಪು ಇದ್ದರೆ ಜೀವಾಣು ದುಡಿಯುತ್ತಿದೆ. ಬೂದು ಬಣ್ಣವಿದ್ದರೆ ಇಲ್ಲ.

ತಿಪ್ಪೆಗೊಬ್ಬರ ಎಲ್ಲಿಂದ ತರೋಣ ಎಂಬುದು ನಿಜವಾದ ಪ್ರಶ್ನೆ. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದವು, ಎತ್ತಿನೊಡನೆ ತಿಪ್ಪೆಯೂ ಹೋಯಿತು. ಎತ್ತು ಕಟ್ಟಿರೆಂದು ನಾನು ಹೇಳಿದರೆ ಅದು ಮತ್ತೊಂದು ಉಪದೇಶವಾದೀತು. ಮುಂಗಾರಿಯಲ್ಲಿ ಹೆಸರು, ಉದ್ದು ತೆಗೆದು ಅದರ ಹೊಟ್ಟು-ಬಳ್ಳಿಯನ್ನು ಹೊಲದಲ್ಲೇ ಬಿಟ್ಟು ಹಿಂಗಾರಿಗೆ ಜೋಳ ಬಿತ್ತುವ, ತೊಗರಿಯನ್ನು ಅಕ್ಕಡಿಯಾಗಿ ಹಾಕುವ ಹಿರಿಯರ ಕ್ರಮವನ್ನು ಮರಳಿ ಹಿಡಿಯುವುದು ಸಾಧ್ಯ. ತೊಗರಿ ಉದುರಿಸುವ ಎಲೆಯೇ ಕೂಲಿ ಕೇಳದ ಗೊಬ್ಬರ.

ಇನ್ನೊಂದು ವಿಷಯ, ನಮ್ಮ ಶಾಲೆಗೆ ಸಂಬಂಧಪಟ್ಟದ್ದು. 2015ರಿಂದ ಮಣ್ಣು ಆರೋಗ್ಯ ಪತ್ರಗಳು ಬರುತ್ತಿವೆ. ನಮ್ಮಲ್ಲಿ ಅವು ಮರಾಠಿಯಲ್ಲಿರುತ್ತವೆ. ಇದು ಮಹಾರಾಷ್ಟ್ರ, ಅದು ಸಹಜವೇ. ನಮ್ಮ ಮಕ್ಕಳಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಅವರ ಅಜ್ಜಂದಿರಿಗೆ 'ಸೇಂದ್ರಿಯ ಕರ್ಬ' ಎಂದರೆ ತಿಳಿಯದು. ಆದ್ದರಿಂದ ಎಂಟನೆಯ ಇಯತ್ತೆಯ ಮಕ್ಕಳು ಮನೆಮನೆಯ ಪತ್ರವನ್ನು ಕನ್ನಡಕ್ಕೆ ಇಳಿಸಿ ಅಜ್ಜನಿಗೆ ಓದಿ ಹೇಳಿ ಬಂದರು. ಸಾವಯವ ಇಂಗಾಲ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಎಂದು ಅರಿತ ಮೇಲೆ ಒಬ್ಬ ಹುಡುಗ ನನ್ನನ್ನು ಕೇಳಿದ: "ಬಾಯೀ, ನಮ್ಮ ಹೊಲ ನಾಪಾಸ್ ಆಗ್ಯದ. ಮರುಪರೀಕ್ಷಾ ಯಾವಾಗ?" ನಾವೆಲ್ಲ ನಕ್ಕೆವು. ಆದರೆ ಆ ಪ್ರಶ್ನೆಗೆ ಉತ್ತರವಿದೆ: ಬೇಗ ಇಲ್ಲ. ಇಂಗಾಲ ನಮ್ಮ ಬಿಸಿಲಿನ ಸೀಮೆಯಲ್ಲಿ ಬೇಗ ಉರಿದು ಹೋಗುತ್ತದೆ, ತೀರ ನಿಧಾನವಾಗಿ ಕೂಡುತ್ತದೆ. ಮೂರು ನಾಲ್ಕು ವರ್ಷ ಬಿಡದೆ ಉಣಿಸಿದರೆ ಅಂಕೆ ಅಲುಗಬಹುದು. ಮೊದಲ ವರ್ಷ ಇಳುವರಿ ಕುಸಿದರೂ ಕುಸಿಯಬಹುದು. ಆದ್ದರಿಂದ ಇಡೀ ಹೊಲವನ್ನು ಒಮ್ಮೆಲೇ ಬದಲಿಸಬೇಡಿರಿ, ಅರ್ಧ ಎಕರೆಯಿಂದ ಹಿಡಿಯಿರಿ.

ನನ್ನ ತಮ್ಮ ಹತ್ತು ಗುಂಟೆಯಲ್ಲಿ ರವದಿ ಸುಡದೆ ಬಿಟ್ಟಿದ್ದಾನೆ. ಅಕ್ಕನ ಬಾಯಿ ಮುಚ್ಚಿಸಲು ಬಿಟ್ಟಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಕುಳೆ ಈ ಸಲ ಹಳದಿಯಾಗಿಲ್ಲ. ನೀರು ಕೊಡುವ ಸರದಿ ಎರಡು-ಮೂರು ದಿನ ಮುಂದೆ ಹೋಗಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಇಲಿ ಮಾತ್ರ ಆಗಿವೆ. ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಊಟದ ಪಂಕ್ತಿಯಲ್ಲಿ ಅವನ ಪಕ್ಕಕ್ಕೆ ಕುಳಿತು ತಿಳಿಸಿರಿ.

ನಾಳೆ ಸೋಮವಾರ. ಪ್ರತಿಯೊಂದು ಮಗುವಿನ ಕೈಯಲ್ಲಿ ಎರಡು ಒಣಗಿದ ಹೆಂಟೆ ಕಳುಹಿಸಿಕೊಡಿರಿ, ಒಂದು ಹೊಲದ್ದು, ಒಂದು ಬದುವಿನದು. ಯಾವುದು ಯಾವುದೆಂದು ಚೀಟಿ ಕಟ್ಟುವುದನ್ನು ಮರೆಯಬೇಡಿರಿ. ಲೋಟಗಳನ್ನು ನಾವು ತೊಳೆದಿಟ್ಟಿರುತ್ತೇವೆ.