ಬ್ಯಾಂಕ್ ನಿರಾಕರಿಸಿದ ಮೇಲೆ: ಊರಿನಲ್ಲಿಯೇ ನ್ಯಾಯಯುತ ಸಾಲದ ದಾರಿಗಳು

(ಗಲಗಲಿ ಭಾಗದ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕೃಷ್ಣಾ ನದಿಯ ದಂಡೆಯ ಗಲಗಲಿ, ಸುತ್ತಲಿನ ಬೀಳಗಿ, ಜಮಖಂಡಿ, ಮುಧೋಳ ತಾಲೂಕುಗಳ ಕಬ್ಬಿನ ಸೀಮೆ, ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳು ಇವೆಲ್ಲೆಡೆ ಹಣವು ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಬಿಲ್ಲು ಬರಬೇಕು; ಸೀರೆ ನೇಯ್ದು ಮುಗಿದ ಮೇಲೆ ಮಜೂರಿ ಕೈಸೇರಬೇಕು. ಆದರೆ ಆಸ್ಪತ್ರೆಯ ಖರ್ಚು, ಕಾಲೇಜಿನ ಶುಲ್ಕ, ಮನೆಯ ಮಂಗಲಕಾರ್ಯಗಳು ಬಿಲ್ಲಿನ ದಾರಿ ಕಾಯುವುದಿಲ್ಲ. ಈ ಅಂತರದಲ್ಲಿಯೇ ಸಾಲ ಹುಟ್ಟುತ್ತದೆ.

ಬ್ಯಾಂಕು ಆಗುವುದಿಲ್ಲವೆಂದ ದಿನವೇ ಬಡ ಕುಟುಂಬಕ್ಕೆ ಅತ್ಯಂತ ಅಪಾಯದ ದಿನ. ನ್ಯಾಯಯುತ ಸಾಲವು ಊರಿನಲ್ಲಿ ಇಲ್ಲವೆಂದಲ್ಲ. ಅದಕ್ಕೆ ಸದಸ್ಯತ್ವ, ಅರ್ಜಿ, ಸಭೆ, ಠರಾವು ಎಂದು ಹಲವು ದಿನಗಳು ಬೇಕು. ಅನ್ಯಾಯದ ಸಾಲಕ್ಕಾದರೋ ಒಂದು ಸಂಜೆ ಸಾಕು. ಈ ದಿನಗಳ ಅಂತರದಲ್ಲಿಯೇ ಹೊಲ, ಒಡವೆ, ಮಾನ ಎಲ್ಲವೂ ಕೈಬಿಟ್ಟು ಹೋಗುತ್ತವೆ. ಗ್ರಾಮ ಪಂಚಾಯತಿಯು ಸಾಲ ಕೊಡುವ ಸಂಸ್ಥೆಯಲ್ಲ; ಆದರೆ ಈ ಅಂತರವನ್ನು ಕಡಿಮೆ ಮಾಡುವ ಶಕ್ತಿ ವಾರ್ಡಿನ ಪ್ರತಿಯೊಂದು ಮನೆಯನ್ನೂ ಬಲ್ಲ ಸದಸ್ಯರಿಗೆ ಇದೆ.

ಮೊದಲನೆಯದು, ನಿರಾಕರಣೆಯ ಕಾರಣವನ್ನು ತಿಳಿಯುವುದು. ಸಾಲದ ಅರ್ಜಿಗೆ ಸ್ವೀಕೃತಿ ನೀಡಬೇಕು, ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನ್ಯಾಯಸಮ್ಮತ ವ್ಯವಹಾರ ಸಂಹಿತೆಯಲ್ಲಿದೆ. ಬಾಯಿಮಾತಿನ ನಿರಾಕರಣೆಗೆ ಉತ್ತರವಿಲ್ಲ. ಬರಹದ ಕಾರಣಕ್ಕೆ ಪರಿಹಾರ ಹುಡುಕಬಹುದು. ಹಳೆಯ ಬಾಕಿ, ಬೇರೆಯವರ ಸಾಲಕ್ಕೆ ಹಾಕಿದ ಜಾಮೀನು, ತೀರಿದ ಸಾಲವನ್ನು ತೀರಿಲ್ಲವೆಂದು ತೋರಿಸುವ ದಾಖಲೆ ಇವು ಸಾಮಾನ್ಯ ಕಾರಣಗಳು. ಸಿಬಿಲ್ ಸೇರಿದಂತೆ ನಾಲ್ಕು ಸಾಲ ಮಾಹಿತಿ ಸಂಸ್ಥೆಗಳಿಂದಲೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪಿದ್ದರೆ ತಿದ್ದುಪಡಿ ಕೋರಬಹುದು. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರಕ್ಕೆ ಅವಕಾಶವಿದೆ.

ಎರಡನೆಯದು, ಸಾಲವನ್ನು ಅಳೆಯಲು ಒಂದೇ ಅಳತೆಗೋಲನ್ನು ಬಳಸುವುದು. ಆ ಅಳತೆಗೋಲು ವಾರ್ಷಿಕ ಬಡ್ಡಿ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದರೆ ಕಿವಿಗೆ ಸಣ್ಣದೆನಿಸುತ್ತದೆ. ವರ್ಷಕ್ಕೆ ಅದು ಶೇ. 60 ಆಗುತ್ತದೆ. 20,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,000ದಂತೆ ಹತ್ತು ತಿಂಗಳಲ್ಲಿ 10,000 ರೂಪಾಯಿ ಬಡ್ಡಿ ಕೊಟ್ಟರೂ ಅಸಲು ಹಾಗೆಯೇ ನಿಂತಿರುತ್ತದೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯ ಸಂಘದಲ್ಲಿ ಅದೇ ಮೊತ್ತವನ್ನು ತಿಂಗಳಿಗೆ 2,000 ಅಸಲಿನಂತೆ ತೀರಿಸಿದರೆ, ಹತ್ತು ತಿಂಗಳ ಒಟ್ಟು ಬಡ್ಡಿ 1,100 ರೂಪಾಯಿ ಮಾತ್ರ, ಅಸಲೂ ತೀರಿರುತ್ತದೆ.

ವಾರದ ಕಂತಿನ ಸಾಲ ಇನ್ನಷ್ಟು ಮೋಸದ್ದು. 10,000 ಎಂದು ಬರೆಸಿಕೊಂಡು, 1,000 ಮುಂಗಡ ಮುರಿದುಕೊಂಡು, ಕೈಗೆ 9,000 ಕೊಟ್ಟು, ವಾರಕ್ಕೆ 1,000ದಂತೆ ಹತ್ತು ವಾರ ವಸೂಲು ಮಾಡುವ ಪದ್ಧತಿಯನ್ನು ಲೆಕ್ಕ ಹಾಕಿ ನೋಡಬೇಕು. ಪ್ರತಿ ವಾರ ಅಸಲು ಕರಗುವುದರಿಂದ ಸಾಲಗಾರನ ಬಳಿ ಸರಾಸರಿ ಉಳಿಯುವುದು ಸುಮಾರು 5,000 ರೂಪಾಯಿ. ಹತ್ತು ವಾರಗಳಿಗೆ ಅದರ ಮೇಲೆ 1,000 ಬಡ್ಡಿ ಎಂದರೆ ವರ್ಷಕ್ಕೆ ಶೇ. 100ಕ್ಕೂ ಮೇಲೆ. ಕೈಗೆ ಬಂದದ್ದೆಷ್ಟು, ಕೊಡಬೇಕಾದದ್ದೆಷ್ಟು, ಎಷ್ಟು ದಿನಗಳಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾರೂ ಹೆಬ್ಬೆಟ್ಟು ಒತ್ತಬಾರದು.

ಮೂರನೆಯದು, ಬಾಗಿಲುಗಳನ್ನು ಕ್ರಮವಾಗಿ ತಟ್ಟುವುದು. ಸ್ವಂತ ಉಳಿತಾಯದ ಆಧಾರದ ಸಾಲವೇ ಎಲ್ಲಕ್ಕಿಂತ ಮೊದಲು. ಅಂಚೆ ಕಚೇರಿಯ ಆವರ್ತ ಠೇವಣಿಯಲ್ಲಿ 12 ಕಂತು ತುಂಬಿ ಒಂದು ವರ್ಷ ಕಳೆದಿದ್ದರೆ ಜಮೆಯಾದ ಮೊತ್ತದ ಅರ್ಧದವರೆಗೆ ಸಾಲ ದೊರೆಯುತ್ತದೆ. ಜನಧನ ಖಾತೆಯನ್ನು ಸರಿಯಾಗಿ ನಡೆಸಿದವರಿಗೆ 10,000 ರೂಪಾಯಿಯವರೆಗೆ ಓವರ್‌ಡ್ರಾಫ್ಟ್ ಸೌಲಭ್ಯವಿದೆ. ಮನೆಯಲ್ಲಿ ಬಂಗಾರವಿದ್ದರೆ ಅದನ್ನು ಖಾಸಗಿ ವ್ಯಕ್ತಿಯ ಬಳಿ ಒತ್ತೆ ಇಡುವ ಬದಲು, ತೂಕ ಮತ್ತು ಶುದ್ಧತೆ ಬರೆದ ರಸೀದಿ ಕೊಡುವ ಬ್ಯಾಂಕು ಅಥವಾ ಸಹಕಾರಿ ಸಂಘದಲ್ಲಿ ಇಡುವುದು ಕ್ಷೇಮ. ಬ್ಯಾಂಕು ವೈಯಕ್ತಿಕ ಸಾಲ ನಿರಾಕರಿಸಿದ ಮಾತ್ರಕ್ಕೆ ಬಂಗಾರದ ಸಾಲವನ್ನೂ ನಿರಾಕರಿಸಿದಂತಾಗುವುದಿಲ್ಲ.

ಎರಡನೆಯ ಬಾಗಿಲು ಮಹಿಳಾ ಸ್ವಸಹಾಯ ಸಂಘ. ಸಂಜೀವಿನಿ ಯೋಜನೆಯಡಿ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಗಳಿಗೆ ಸಮುದಾಯ ಬಂಡವಾಳ ನಿಧಿ ಇದೆ; ಅದು ಸಂಘಗಳ ಮೂಲಕ ಸದಸ್ಯೆಯರಿಗೆ ತಲುಪುತ್ತದೆ. ಸಂಘಗಳಿಗೆ ಬ್ಯಾಂಕುಗಳು ನೀಡುವ 10 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಒಬ್ಬಂಟಿ ಮಹಿಳೆಗೆ ಮುಚ್ಚಿದ ಬ್ಯಾಂಕಿನ ಬಾಗಿಲು ಹತ್ತು ಜನರ ಸಂಘಕ್ಕೆ ತೆರೆಯುತ್ತದೆ. ಅಲ್ಲಿ ಕೊಟ್ಟ ಒಳಸಾಲದ ಬಡ್ಡಿಯೂ ಸಂಘದ ನಿಧಿಗೇ ಸೇರುತ್ತದೆ.

ಮೂರನೆಯ ಬಾಗಿಲು ಸಹಕಾರಿ ಸಂಘ. ಇದು ಈ ನೆಲದ್ದೇ ದಾರಿ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು, ಊರಿನ ಹಣ ಊರಿನವರ ಕಷ್ಟಕ್ಕೆ ಒದಗಲಿ ಎಂಬ ಉದ್ದೇಶದಿಂದ. ಇಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ರೈತರಿಗೆ 5 ಲಕ್ಷ ರೂಪಾಯಿಯವರೆಗೆ ಶೂನ್ಯ ಬಡ್ಡಿಯ ಬೆಳೆಸಾಲದ ಯೋಜನೆ ರಾಜ್ಯದಲ್ಲಿದೆ. ಬೀಜ-ಗೊಬ್ಬರಕ್ಕೆ ಈ ಸಾಲ ಪಡೆದ ರೈತನಿಗೆ ಮನೆಯ ಖರ್ಚಿಗೆಂದು ಇಟ್ಟ ಹಣ ಉಳಿಯುತ್ತದೆ. ಕೈಗಡದ ಅಗತ್ಯವೇ ತಗ್ಗುತ್ತದೆ. ಆದರೆ ಸಹಕಾರಿ ಸಂಘಗಳು ಸಾಲ ಕೊಡುವುದು ಸದಸ್ಯರಿಗೆ. ಬಾಯಾರಿದ ಮೇಲೆ ಬಾವಿ ತೋಡಿದಂತೆ, ಕಷ್ಟ ಬಂದ ಮೇಲೆ ಷೇರು ಹಣ ತುಂಬಲು ಹೊರಡುವುದು ಪ್ರಯೋಜನಕ್ಕೆ ಬಾರದು.

ಇಲ್ಲಿ ಕಬ್ಬು ಬೆಳೆಗಾರರ ಹಕ್ಕೊಂದನ್ನು ನೆನೆಯಬೇಕು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಪಾವತಿಯಾಗಬೇಕು; ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಬೇಕು. ತನಗೆ ಬರಬೇಕಾದ ಹಣ ಬಾರದೆ ಇನ್ನೊಬ್ಬರ ಬಳಿ ಶೇ. 60ಕ್ಕೆ ಸಾಲ ಮಾಡುವ ರೈತನ ಮೊದಲ ಅರ್ಜಿ ಸಾಲಕ್ಕಾಗಿ ಅಲ್ಲ, ಬಾಕಿ ಬಿಲ್ಲಿಗಾಗಿ ಇರಬೇಕು.

ನಾಲ್ಕನೆಯ ಬಾಗಿಲು ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಕಿರುಸಾಲ ಸಂಸ್ಥೆಗಳು. 2022ರ ನಿರ್ದೇಶನಗಳಂತೆ, ವಾರ್ಷಿಕ 3 ಲಕ್ಷ ರೂಪಾಯಿಯವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನವಿಲ್ಲ. ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಒಂದು ಸಂಸ್ಥೆಯ ಕಂತಿಗೆ ಇನ್ನೊಂದು ಸಂಸ್ಥೆಯಲ್ಲಿ ಸಾಲ ಎತ್ತುವ ಹಂತ ತಲುಪಿದ ಕುಟುಂಬಕ್ಕೆ ಬೇಕಾದದ್ದು ಹೊಸ ಸಾಲವಲ್ಲ, ಕಂತಿನ ಮರುಹೊಂದಾಣಿಕೆ.

ಕೊನೆಯ ಬಾಗಿಲು ಪರವಾನಗಿ ಪಡೆದ ಲೇವಾದೇವಿದಾರರು. 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮದಡಿ ಪರವಾನಗಿ ಕಡ್ಡಾಯ. ಭದ್ರತೆಯಿರುವ ಸಾಲಕ್ಕೆ ವಾರ್ಷಿಕ ಶೇ. 14, ಭದ್ರತೆಯಿಲ್ಲದ್ದಕ್ಕೆ ಶೇ. 16 ಮಿತಿಯಾಗಿದೆ. ಪರವಾನಗಿ ತೋರಿಸದವರು, ಖಾಲಿ ಚೆಕ್ಕು, ಖಾಲಿ ಬಾಂಡ್ ಕಾಗದ, ಎಟಿಎಂ ಕಾರ್ಡು ಕೇಳುವವರು, ಸಾಲ ಮಂಜೂರಿಗೆ ಮೊದಲೇ ಶುಲ್ಕ ಕೇಳುವವರು, ಮೊಬೈಲಿನ ಫೋನ್ ನಂಬರುಗಳನ್ನೂ ಚಿತ್ರಗಳನ್ನೂ ಕೇಳುವ ಆ್ಯಪ್‌ಗಳು ಇವರ ಬಾಗಿಲಿಗೆ ಹೋಗದಿರುವುದೇ ಲೇಸು.

ಈಗಾಗಲೇ ಸಿಕ್ಕಿಬಿದ್ದವರಿಗೂ ದಾರಿಯಿದೆ. ಕಿರುಕುಳದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿ 12ರಂದು ರಾಜ್ಯದಲ್ಲಿ ಸುಗ್ರೀವಾಜ್ಞೆ ಜಾರಿಗೆ ಬಂದು, ಬಳಿಕ ಅದು ಕಾನೂನಾಯಿತು. ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಯವರೆಗೆ ದಂಡ ಅದರಲ್ಲಿದೆ. ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100, ರಿಸರ್ವ್ ಬ್ಯಾಂಕಿನ ನಿಯಂತ್ರಣದ ಸಂಸ್ಥೆಗಳ ಮೇಲಿನ ದೂರಿನ ಮಾಹಿತಿಗೆ 14448 ಸಂಖ್ಯೆಗಳನ್ನು ಸಂಪರ್ಕಿಸಬಹುದು. ಸಾಲ ಮಾಡಿದ್ದು ಅಪರಾಧವಲ್ಲ. ಸಾಲಗಾರನ ಮನೆಯ ಮುಂದೆ ಗದ್ದಲ ಮಾಡುವುದು, ಬೆದರಿಸುವುದು ಅಪರಾಧ. ಈ ಮಾತನ್ನು ನೊಂದ ಕುಟುಂಬಕ್ಕೆ ಸಕಾಲದಲ್ಲಿ ಹೇಳುವವರೊಬ್ಬರು ಇದ್ದರೆ ಒಂದು ಜೀವ ಉಳಿಯಬಹುದು.

ಸದಸ್ಯರು ಕೈಗೊಳ್ಳಬಹುದಾದ ಕೆಲಸಗಳು ನಾಲ್ಕು. ತಮ್ಮ ವಾರ್ಡಿನಲ್ಲಿ ಯಾವ ಸಂಘಕ್ಕೂ ಸೇರದ ಮನೆಗಳ ಪಟ್ಟಿ ಮಾಡಿ, ಒಕ್ಕೂಟಕ್ಕೂ ಸಹಕಾರಿ ಸಂಘಕ್ಕೂ ಪರಿಚಯಿಸುವುದು. ಗ್ರಾಮಸಭೆಗೆ ಬ್ಯಾಂಕಿನ ಅಧಿಕಾರಿಗಳನ್ನೂ ಸಹಕಾರಿ ಸಂಘದ ಕಾರ್ಯದರ್ಶಿಗಳನ್ನೂ ಆಹ್ವಾನಿಸಿ, ನಿರಾಕೃತ ಅರ್ಜಿಗಳ ಕಾರಣ ಕೇಳುವುದು. ಪರವಾನಗಿ ಪಡೆದ ಲೇವಾದೇವಿದಾರರ ಹೆಸರು, ಬಡ್ಡಿಯ ಮಿತಿ ಮತ್ತು ಸಹಾಯವಾಣಿಗಳನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಹಾಕಿಸುವುದು. ಸಾಲ ಕೇಳಿದವರ ಹೆಸರನ್ನು ಎಲ್ಲಿಯೂ ಆಡದಿರುವುದು. ಗುಟ್ಟು ಉಳಿಯುತ್ತದೆಂಬ ನಂಬಿಕೆ ಇಲ್ಲದಿದ್ದರೆ ಕಷ್ಟದಲ್ಲಿರುವವರು ಸದಸ್ಯರ ಮನೆಗೆ ಬರುವುದಿಲ್ಲ, ಕತ್ತಲಾದ ಮೇಲೆ ಬಡ್ಡಿಯವರ ಮನೆಗೆ ಹೋಗುತ್ತಾರೆ.

ಮುಂದಿನ ಹಂಗಾಮಿನ ಕಬ್ಬು ಕಟಾವು ಆರಂಭವಾಗುವುದರೊಳಗೆ ಪ್ರತಿ ವಾರ್ಡಿನ ಪಟ್ಟಿ ಸಿದ್ಧವಾಗಲಿ ಎಂಬುದು ಈ ಉಪನ್ಯಾಸದ ಕೋರಿಕೆ.