ಶೆಡ್ಡಿನ ಮೇಲಿನ ರೂಮಿಗೆ ಯಾವ ಹೀಟರು?



ಚಾಮರಾಜನಗರ ಸೀಮೆಯಲ್ಲಿ ಹೀಟರಿನ ಮಾತೆತ್ತಿದರೆ ನಗುವವರೇ ಹೆಚ್ಚು. ಬದನಗುಪ್ಪೆಯ ಬೇಸಿಗೆಗೆ ಬೇಕಾದದ್ದು ಫ್ಯಾನು, ನಿಜ. ಆದರೆ ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇರುವ ಜಿಲ್ಲೆ ಇದು. ಧನುರ್ಮಾಸದ ಬೆಳಗಿನ ಜಾವ ಇಲ್ಲಿ ಹೇಗಿರುತ್ತದೆಂದು ಕಾರ್ ಶೆಡ್ಡಿನ ಮೇಲೆ ಶೀಟು ಹೊದಿಸಿದ ರೂಮಿನಲ್ಲಿ ಮಲಗೆದ್ದವರನ್ನು ಕೇಳಬೇಕು. ಬೆಂಗಳೂರಿನ ಮಕ್ಕಳು ಸಂಕ್ರಾಂತಿಗೆ ಬಂದಾಗಲಷ್ಟೇ ಬಾಗಿಲು ತೆರೆಯುವ ರೂಮದು.

ಮೋಡವಿಲ್ಲದ ರಾತ್ರಿ ತಗಡಿನ ಶೀಟು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕೆಳಗೆ ಖಾಲಿ ಶೆಡ್ಡು, ಶಟರಿನ ಸಂದಿಯಲ್ಲಿ ಗಾಳಿ. ವಾರಗಟ್ಟಲೆ ಬೀಗ ಹಾಕಿದ್ದರಿಂದ ಗೋಡೆಗಳೂ ಆರಿ ತಣ್ಣಗಾಗಿರುತ್ತವೆ.

ಒಂದು ಲೆಕ್ಕ ಕೇಳಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ರೂಮಿನೊಳಗಿನ ಗಾಳಿ ಸುಮಾರು 40 ಕಿಲೋ. ಅದನ್ನು 10 ಡಿಗ್ರಿ ಬಿಸಿ ಮಾಡಲು ಅರ್ಧ ಯೂನಿಟ್ ಕರೆಂಟೂ ಬೇಡ. ಆದರೆ ಅದರ 9 ಇಂಚಿನ ಇಟ್ಟಿಗೆ ಗೋಡೆಗಳು ಹತ್ತಾರು ಟನ್ ತೂಗುತ್ತವೆ. ಅವನ್ನು ಒಂದೇ ಡಿಗ್ರಿ ಏರಿಸಲು 3ರಿಂದ 4 ಯೂನಿಟ್ ಬೇಕು. ಅಂದರೆ ಎರಡು ರಾತ್ರಿಯ ನೆಂಟರಿಗಾಗಿ ನಾವು ಗೋಡೆಗೆ ಉಪಚಾರ ಮಾಡುತ್ತೇವೆ. ದಿನವೂ ವಾಸವಿರುವ ಮನೆಗೆ ಆ ಖರ್ಚು ಸಾರ್ಥಕ. ಇಲ್ಲಿ ಬೆಚ್ಚಗಾಗಬೇಕಾದದ್ದು ರೂಮಲ್ಲ, ಅದರೊಳಗಿನ ಮನುಷ್ಯ.

ಹಾಗೆ ನೋಡಿದರೆ ಆಯ್ಕೆ ಸುಲಭ. ಕೆಂಪಗೆ ಕಾಯುವ ರಾಡ್ ಹೀಟರು ಎದುರಿಗಿದ್ದವರ ಮೈಗೆ ನೇರವಾಗಿ ಶಾಖ ಕೊಡುತ್ತದೆ. ಸಂಜೆ ಕೂತು ಮಾತಾಡುವುದಕ್ಕೆ ಅದು ಸಾಕು. ಮಲಗುವ ಮುಂಚೆ ಆರಿಸಿ, ಹೊದಿಕೆ ತಗುಲಿದರೆ ಬೆಂಕಿ. ಬ್ಲೋಯರ್ ಬೇಗ ಬೆಚ್ಚಗೆ ಮಾಡುತ್ತದೆ, ಆರಿಸಿದ ಕೂಡಲೇ ಚಳಿ ವಾಪಸ್, ಸದ್ದು ಬೇರೆ. ಎಣ್ಣೆ ತುಂಬಿದ ರೇಡಿಯೇಟರು ನಿಧಾನ. ಆದರೆ ಬೆಂಕಿಯ ಭಯ ಕಡಿಮೆ, ಹಸುಗೂಸೋ ವಯಸ್ಸಾದವರೋ ಇದ್ದರೆ ನನ್ನ ಮತ ಅದಕ್ಕೇ. ಬಿಸಿಗಾಳಿಯನ್ನೂ ಕೊಡುವ ಎಸಿ ಒಂದು ಯೂನಿಟ್ಟಿಗೆ ಮೂರರಷ್ಟು ಶಾಖ ಕೊಟ್ಟೀತು, ಒಪ್ಪೋಣ. ವರ್ಷಕ್ಕೆ ಹತ್ತು ರಾತ್ರಿಗೆ ಅದನ್ನು ಕೊಂಡರೆ ಹಾಕಿದ ದುಡ್ಡು ಎಂದಿಗೂ ಹುಟ್ಟುವುದಿಲ್ಲ. ನನ್ನನ್ನು ಕೇಳಿದರೆ, ಶೀಟು ಗೋಡೆ ಸೇರುವ ಸಂದು ಮುಚ್ಚಿಸಿ, ಕೆಳಗೊಂದು ಸೀಲಿಂಗ್ ಹಾಕಿಸಿ, ಹಾಸಿಗೆಗೆ ಎಲೆಕ್ಟ್ರಿಕ್ ಬ್ಲಾಂಕೆಟ್ ಕೊಳ್ಳಿ. 100 ವ್ಯಾಟಿನದಾದರೆ ರಾತ್ರಿಯಿಡೀ ಹಾಕಿದರೂ ಒಂದು ಯೂನಿಟ್ ದಾಟದು. ಮೇಲೊಂದು ಉಣ್ಣೆಯ ಕಂಬಳಿ ಇದ್ದರೆ ಇನ್ನೇನು ಬೇಕು!

2,000 ವ್ಯಾಟಿನ ಹೀಟರು ಗಂಟೆಗೆ 2 ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯವರು ನೆನಪಿಡಿ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಅದಕ್ಕಿಂತ ಮುಖ್ಯ ವೈರಿಂಗು. ಈ ಹೀಟರು ಎಳೆಯುವುದು 9 ಆಂಪಿಯರಿನ ಹತ್ತಿರ. ಶೆಡ್ಡಿನ ರೂಮಿಗೆ ದೊಡ್ಡ ಮನೆಯಿಂದ ಲೈಟಿಗೆಂದು ಎಳೆದ ತೆಳ್ಳನೆ ವೈರು ಅದನ್ನು ತಡೆಯದು. ಪವರ್ ಪ್ಲಗ್ಗು, ಎರಡೂವರೆ ಎಂಎಂ ತಾಮ್ರದ ವೈರು, ಸರಿಯಾದ ಅರ್ಥಿಂಗು ಬೇಕೇಬೇಕು. ಎಕ್ಸ್‌ಟೆನ್ಷನ್ ಬಾಕ್ಸಿಗೆ ಮಾತ್ರ ಹೀಟರು ಸಿಕ್ಕಿಸಬೇಡಿ.

ಕರೆಂಟು ಹೋಯಿತೆಂದು ಕೆಂಡದ ಅಗ್ಗಿಷ್ಟಿಕೆಯನ್ನು ರೂಮಿನೊಳಗೆ ತಂದು ಬಾಗಿಲು ಹಾಕಿಕೊಳ್ಳುವುದಂತೂ ಪ್ರಾಣಕ್ಕೇ ಅಪಾಯ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಕೆಳಗೆ ಶಟರ್ ಮುಚ್ಚಿ ಕಾರಿನ ಎಂಜಿನ್ ಓಡಿಸಿದರೂ ಅದೇ ಗಾಳಿ ಮೇಲೇರುತ್ತದೆ.

ವರ್ಷಕ್ಕೊಮ್ಮೆ ಹೊರಬರುವ ಹೀಟರಿನ ವೈರನ್ನು ಇಲಿ ಕಡಿದಿರಬಹುದು, ಒಳಗೆ ಧೂಳು ತುಂಬಿರಬಹುದು. ನೆಂಟರು ಬರುವ ಹಿಂದಿನ ದಿನ ವೈರು ನೋಡಿ, ಧೂಳು ಒರೆಸಿ, ಕಿಟಕಿ ತೆಗೆದಿಟ್ಟು ಹತ್ತು ನಿಮಿಷ ಓಡಿಸಿ. ಸುಟ್ಟ ವಾಸನೆ ಅಷ್ಟರೊಳಗೆ ನಿಲ್ಲದಿದ್ದರೆ ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್‌ನನ್ನು ಕರೆಸಿ.