ಭತ್ತದ ಹೂವೂ ಬೆಟ್ಟದ ಊಟವೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ತಾಳವಾಡಿಯ ಬೆಟ್ಟದ ಮೇಲೆ ನಿಂತು ಭತ್ತದ ವಿಚಾರವನ್ನು ಪ್ರಸ್ತಾಪಿಸುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಮ್ಮದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಹೊಲಗಳ ಸೀಮೆ, ಗದ್ದೆಗಳ ನಾಡಲ್ಲ. ಆದರೂ ನಮ್ಮ ಅಡಿಗೆಮನೆಗಳಲ್ಲಿ ಇಂದು ಅಕ್ಕಿಯದೇ ಆಳ್ವಿಕೆ. 2011ರ ಜೂನ್ ತಿಂಗಳಿಂದ ತಮಿಳುನಾಡಿನ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಯು ಉಚಿತವಾಗಿ ದೊರೆಯುತ್ತಿದೆ. ಬಡವರ ಹಸಿವನ್ನು ನೀಗಿದ ಈ ಉಪಕಾರವನ್ನು ನಾವು ಮರೆಯಲಾಗದು. ಆದರೆ ಅಕ್ಕಿಯನ್ನು ಕೊಡುವ ಗದ್ದೆಗಳ ಸ್ಥಿತಿಯೇನೆಂದು ವಿಚಾರಿಸುವುದೂ ಉಣ್ಣುವವರ ಕರ್ತವ್ಯವಲ್ಲವೇ?

ಭತ್ತವು ಹೂಬಿಡುವ ಕಾಲ ಅತಿ ಸೂಕ್ಷ್ಮವಾದುದು. ಹೂವು ಅರಳಿರುವುದು ಹಗಲಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ಆ ವೇಳೆಯಲ್ಲಿ ಉಷ್ಣತೆಯು 35 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದರೆ ಪರಾಗವು ಕೆಟ್ಟು, ಕಾಳು ಕಟ್ಟದೆ, ತೆನೆ ಜೊಳ್ಳಾಗುತ್ತದೆ. ರಾತ್ರಿಯ ಸೆಕೆಯೂ ಕೇಡೇ ಸರಿ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಾಕುಗಳಲ್ಲಿ, ಕನಿಷ್ಠ ಉಷ್ಣತೆಯು 1 ಡಿಗ್ರಿ ಏರಿದರೆ ಒಣಹಂಗಾಮಿನ ಇಳುವರಿ ಶೇಕಡ 10ರಷ್ಟು ಕುಗ್ಗುವುದೆಂದು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು.

ಇನ್ನು ನೀರಿನ ಮಾತು. ಕಾವೇರಿಯ ಬಯಲಿನ ಕುರುವೈ ಭತ್ತಕ್ಕಾಗಿ ಮೆಟ್ಟೂರು ಅಣೆಕಟ್ಟಿನ ಬಾಗಿಲು ತೆರೆಯುವ ವಾಡಿಕೆಯ ದಿನ ಜೂನ್ 12. 2023ರಲ್ಲಿ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಮೆಟ್ಟೂರಿನ ನೀರು ಅಕ್ಟೋಬರಿನಲ್ಲೇ ನಿಂತಿತು. ಮರುವರ್ಷ ಬಾಗಿಲು ತೆರೆದುದು ಜುಲೈ 28ರಂದು. ಒಂದು ವರ್ಷದ ಬರವನ್ನೆಲ್ಲ ಹವಾಗುಣದ ಬದಲಾವಣೆಯ ಮೇಲೆಯೇ ಹೊರಿಸುವುದು ಶಾಸ್ತ್ರಸಮ್ಮತವಲ್ಲ. ಆದರೆ ಒಂದೇ ಧಾನ್ಯವನ್ನು ನಂಬಿದವರ ಪಾಡೇನಾಗಬಹುದೆಂಬುದನ್ನು ಇಂಥ ವರ್ಷಗಳು ತಿಳಿಸಿಕೊಡುತ್ತವೆ.

ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ನಡೆದ ವಾದವನ್ನು ವರ್ಣಿಸಿರುವರು. ಆರು ತಿಂಗಳ ಸೆರೆವಾಸದ ಬಳಿಕ ಗಟ್ಟಿಯಾಗಿ ಉಳಿದುದು ರಾಗಿಯೇ! ಕೃಷಿವಿಜ್ಞಾನವೂ ಅದರ ಪಕ್ಷವನ್ನೇ ವಹಿಸುತ್ತದೆ: ರಾಗಿಗೆ ಭತ್ತಕ್ಕಿಂತ ಬಹಳ ಕಡಮೆ ನೀರು ಸಾಕು, ಬಿಸಿಲನ್ನೂ ಅದು ಹೆಚ್ಚು ತಾಳುತ್ತದೆ, ಕಣಜದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ಹಾಗಿದ್ದೂ ನಮ್ಮ ರೈತರು ರಾಗಿಯನ್ನು ಏಕೆ ಬಿಡುತ್ತಿದ್ದಾರೆ? ಅವರನ್ನು ದೂಷಿಸುವುದು ನ್ಯಾಯವಲ್ಲ. ಕಾಡಾನೆ ಹಂದಿಗಳ ಕಾಟ, ರಾತ್ರಿಯಿಡೀ ಕಾವಲು, ಬೆಲೆಯ ಅನಿಶ್ಚಯ, ಇವನ್ನೆಲ್ಲ ಸಹಿಸಿ ಬೆಳೆಯುವವರು ಅವರು. ಬೆಳೆದುದನ್ನು ತಕ್ಕ ಬೆಲೆಗೆ ಕೊಳ್ಳುವವರಿದ್ದರೆ ಹೊಲ ಉಳಿದೀತು. 2023ರಲ್ಲಿ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯ ಬದಲು 2 ಕಿಲೋ ರಾಗಿಯನ್ನು ಕೊಡುವ ಏರ್ಪಾಡು ಆರಂಭವಾಯಿತು. ಅಂಥ ಅನುಕೂಲವು ನಮ್ಮ ಬೆಟ್ಟಕ್ಕೂ ಸಲ್ಲತಕ್ಕುದೆಂದು ಸಂಘದ ಹಿರಿಯರು ಸರ್ಕಾರವನ್ನು ಕೇಳಬೇಕೆಂಬುದು ನಮ್ಮ ವಿಜ್ಞಾಪನೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವುಂಟು. ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಭರಣಿಯಿಂದ ಸ್ವಾತಿಯವರೆಗೆ ಬಿದ್ದ ಮಳೆಯನ್ನು ದಿನದಿನವೂ ಬರೆದಿಡಿರಿ. ಹತ್ತು ವರ್ಷಗಳ ಅಂಥ ಪುಸ್ತಕವು ನಿಮ್ಮ ತಂದೆತಾಯಿಗಳಿಗೆ ಬಿತ್ತನೆಯ ದಿನವನ್ನು ಆಯಲು ನೆರವಾದೀತು. ಅನ್ನವನ್ನು ಉಣ್ಣೋಣ, ಮುದ್ದೆಯನ್ನು ಬಿಡದಿರೋಣ.